ಮಿರ್ಕಾಬ್ ಕಿಟಕಿ: ಆರುನೂರು ಡಾಲರಿನ ಗುಡಿಸಲು

ಕಳೆದ ಸಂಚಿಕೆಯಲ್ಲಿ ಮಿರ್ಕಾಬ್ ಬಸ್ ಸ್ಟ್ಯಾಂಡಿನ ಪುರಾಣ ಬರೆದು ನಿಮ್ಮನ್ನೆಲ್ಲ ಸಾಕಷ್ಟು ಗೋಳಾಡಿಸಿದ್ದೆ. "ಈ ಸಲ ಬಸ್ಸು ಬೇಡ ಮಾರಾಯ್ರೆ, ಏನಾದರೂ ತಿನ್ನುವ ವಿಷಯ ಬರೆಯಿರಿ" ಎಂದು ಸಂಪಾದಕರು ಅಪ್ಪಣೆ ಕೊಡಿಸಿದ್ದಾರೆ. ತಿನ್ನುವ ವಿಷಯವೇ ಬರೆಯುತ್ತಿದ್ದೇನೆ. ಆದರೆ ಇದರಲ್ಲಿ ತಿಂದವರು ಯಾರು, ತಿನ್ನಿಸಿದವರು ಯಾರು ಎಂಬುದನ್ನು ಕೊನೆಯವರೆಗೆ ಓದಿ ನೀವೇ ಹೇಳಬೇಕು.

ಅದು ಒಂದು ಶುಕ್ರವಾರ. ಕೂಟದ ಮಕ್ಕಳ ನೃತ್ಯದ ಪ್ರಾಕ್ಟೀಸು ನಮ್ಮ ಮನೆಯಲ್ಲಿ. ಹನ್ನೊಂದು ಮಕ್ಕಳು, ಹನ್ನೊಂದು ತಾಯಂದಿರು, ಒಂದು ಟೇಪು. ಮಧ್ಯಾಹ್ನ ಮನೆಯವಳು ಎಲ್ಲರಿಗೂ ಬಿಸಿಬೇಳೆಬಾತು ಮಾಡಿಟ್ಟಿದ್ದಳು. ಕನ್ನಡಮ್ಮನ ಹಾಡಿಗೆ ಹೆಜ್ಜೆ ಹಾಕಿ ದಣಿದ ಮಕ್ಕಳು ಪಾತ್ರೆಯ ಮುಚ್ಚಳ ತೆಗೆದು ನೋಡಿ, ಮತ್ತೆ ಮುಚ್ಚಿ, ಒಕ್ಕೊರಲಿನಿಂದ "ಪಿಜ್ಜಾ" ಎಂದವು. ನನ್ನ ಮಗರಾಯ ಅದಾಗಲೇ ಮೊಬೈಲಿನಲ್ಲಿ ಆರ್ಡರ್ ಮಾಡಿಯೂ ಆಗಿತ್ತು! ಬಿಸಿಬೇಳೆಬಾತು ತಾಯಂದಿರಿಗೆ ಡಬ್ಬಿಯಲ್ಲಿ ಹೋಯಿತು.

ಆ ಗದ್ದಲದ ನಡುವೆ ನನ್ನ ಭಾವ ಬಂದರು. ಅಕ್ಕನ ಗಂಡ. ಕುಂದಾಪುರದ ಕಡೆಯವರು, ಕುವೈತಿಗೆ ಬಂದು ಹದಿನೇಳು ವರ್ಷ. ಅಕ್ಕ ಮಕ್ಕಳ ಓದಿಗೆಂದು ಊರಿನಲ್ಲಿಯೇ ಇದ್ದಾಳೆ. ಭಾವ ಖಾಲಿ ಡಬ್ಬಿಗಳನ್ನು ಒಂದು ರೀತಿಯ ಭಕ್ತಿಯಿಂದ ನೋಡಿ, ಬ್ಯಾಗಿನಿಂದ ಒಂದು ಫೈಲು ತೆಗೆದರು. "ಭಾವ, ನೀವು ಲೆಕ್ಕ ಬರೆಯುವವರಲ್ದಾ, ಇದೊಂದು ಕಾಣಿ. ಮನೆಯಲ್ಲಿ ಯಾರಿಗೂ ಹೇಳುವುದು ಬೇಡ."

ಫೈಲಿನ ಮೇಲೆ ಜಗತ್ಪ್ರಸಿದ್ಧ ಪಿಜ್ಜಾ ಕಂಪನಿಯೊಂದರ ಬಣ್ಣಬಣ್ಣದ ಗುರುತು. ಭಾವ ಊರಿನಲ್ಲಿ ಅದರ ಫ್ರಾಂಚೈಸಿ ತೆಗೆದುಕೊಳ್ಳುತ್ತಾರಂತೆ. ಹೆದ್ದಾರಿಯ ಬದಿಯ ಜಾಗವನ್ನೂ ನೋಡಿಟ್ಟಿದ್ದಾರೆ. ಕೆಲಸಕ್ಕೆ ರಾಜೀನಾಮೆ ಕೊಟ್ಟರೆ ಬರುವ ಇಂಡೆಮ್ನಿಟಿಯೇ ಬಂಡವಾಳ.

ಆ ಇಂಡೆಮ್ನಿಟಿ ಎಷ್ಟು ಎಂದು ಅವತ್ತೇ ಕೂಡಿ ನೋಡಿದೆವು. ಹೊಸದಾಗಿ ಬಂದವರಿಗೆ ಗೊತ್ತಿರಲಿ ಎಂದು ಇಲ್ಲಿ ಬರೆಯುತ್ತೇನೆ. 2010ರ 6ನೇ ನಂಬರಿನ ಕಾರ್ಮಿಕ ಕಾನೂನಿನಂತೆ ತಿಂಗಳ ಸಂಬಳದವರಿಗೆ ಮೊದಲ ಐದು ವರ್ಷಕ್ಕೆ ವರ್ಷಕ್ಕೆ 15 ದಿನದ ಸಂಬಳ, ಆಮೇಲೆ ವರ್ಷಕ್ಕೆ ಒಂದು ತಿಂಗಳಿನದು, ಒಟ್ಟು ಒಂದೂವರೆ ವರ್ಷದ ಸಂಬಳಕ್ಕೆ ಮೀರುವಂತಿಲ್ಲ. ನಾವಾಗಿ ರಾಜೀನಾಮೆ ಕೊಟ್ಟರೆ ಮೂರು ವರ್ಷದೊಳಗೆ ಏನೂ ಇಲ್ಲ, ಐದರೊಳಗೆ ಅರ್ಧ, ಹತ್ತರೊಳಗೆ ಮೂರರಲ್ಲಿ ಎರಡು ಪಾಲು, ಹತ್ತು ದಾಟಿದರೆ ಪೂರ್ತಿ. ಭಾವನ ಸಂಬಳ 450 ದಿನಾರ್. ಹದಿನೇಳು ವರ್ಷಕ್ಕೆ ಹತ್ತಿರ ಹತ್ತಿರ 6,700 ದಿನಾರ್, ನಮ್ಮ ರೂಪಾಯಿಯಲ್ಲಿ ಹದಿನೆಂಟು ಲಕ್ಷದ ಮೇಲೆ. ಹದಿನೇಳು ಬೇಸಿಗೆಯ ಬೆಲೆ ಅದು. ಇಲ್ಲಿನ ಬೇಸಿಗೆ ಎಂದರೆ ಏನೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. 2016ರ ಜುಲೈ 21ರಂದು ಮಿತ್ರಿಬಾದಲ್ಲಿ 53.9 ಡಿಗ್ರಿ ದಾಖಲಾದ ದಿನ ಭಾವ ಸೈಟಿನಲ್ಲಿದ್ದವರು.

"ಒಂದು ವಾರ ಸಮಯ ಕೊಡಿ ಭಾವ, ಓದಿ ಹೇಳುತ್ತೇನೆ" ಎಂದೆ. ಅವರು ಸ್ವಲ್ಪ ಸಪ್ಪಗಾದರು. "ಮೂರು ದಿನದಲ್ಲಿ ಹೇಳಿ" ಎಂದರು. ಯಾಕೆ ಮೂರೇ ದಿನ ಎಂದು ನಾನು ಆಗ ಕೇಳಲಿಲ್ಲ, ಕೇಳಬೇಕಿತ್ತು.

ನಮ್ಮ ಆಫೀಸಿರುವುದು ಮಿರ್ಕಾಬ್‌ನಲ್ಲಿ. ಮಿರ್ಕಾಬ್ ಎಂದರೆ ಎತ್ತರದಲ್ಲಿ ನಿಂತು ಕಾವಲು ನೋಡುವ ಜಾಗ. 1920ರಲ್ಲಿ ಕಟ್ಟಿದ ಊರಗೋಡೆಯ ಒಳಗಿದ್ದ ಹಳೆಯ ಮೊಹಲ್ಲಾ ಇದು. ಗೋಡೆಯನ್ನು 1957ರಲ್ಲಿ ಕೆಡವಿದರು, ಆಮೇಲೆ ಮಣ್ಣಿನ ಮನೆಗಳೂ ಹೋದವು. ಈಗ ಕಾವಲು ನೋಡಲು ನನ್ನ ಪಾಲಿಗೆ ಇರುವುದು ಒಂದು ಕಿಟಕಿ. ಅದರಿಂದ ಕೆಳಗೆ ನೋಡಿದರೆ ಬೆನ್ನಿಗೆ ಪೆಟ್ಟಿಗೆ ಕಟ್ಟಿಕೊಂಡ ಬೈಕುಗಳು ಇರುವೆ ಸಾಲಿನಂತೆ ಕಾಣುತ್ತವೆ. ಮಧ್ಯಾಹ್ನದ ಬಿಡುವಿನಲ್ಲಿ ಆ ಸಾಲನ್ನು ನೋಡುತ್ತ ಈ ಪಿಜ್ಜಾ ವ್ಯಾಪಾರ ಬೆಳೆದದ್ದು ಹೇಗೆ ಎಂದು ಓದತೊಡಗಿದೆ. ಓದುತ್ತ ಹೋದ ಹಾಗೆ ಭಾವನ ಫೈಲು ಮರೆತೇ ಹೋಯಿತು ಅನ್ನಿ!

ಪಿಜ್ಜಾ ಇಟಲಿಯದು, ನಿಜ. ಆದರೆ ಅದನ್ನು ಅಂಗಡಿಗಳ ಸರಪಳಿಯಾಗಿ ಜಗತ್ತಿಗೆ ಹಂಚಿದ್ದು ಅಮೆರಿಕದ ಗೋಧಿ ಸೀಮೆಯ ಇಬ್ಬರು ಕಾಲೇಜು ಹುಡುಗರು. ಕಾನ್ಸಾಸ್ ರಾಜ್ಯದ ವಿಚಿಟಾ ಊರಿನ ಡಾನ್ ಕಾರ್ನಿ, ಫ್ರಾಂಕ್ ಕಾರ್ನಿ ಎಂಬ ಅಣ್ಣತಮ್ಮಂದಿರು. 1958ರಲ್ಲಿ ಅಮ್ಮನ ಹತ್ತಿರ 600 ಡಾಲರ್ ಸಾಲ ಪಡೆದು, ಹಳೆಯ ಪುಟ್ಟ ಕಟ್ಟಡವೊಂದನ್ನು ಬಾಡಿಗೆಗೆ ಹಿಡಿದು, ಸೆಕೆಂಡ್ ಹ್ಯಾಂಡ್ ಸಾಮಾನು ಜೋಡಿಸಿ ಅಂಗಡಿ ತೆರೆದರು. ಇಬ್ಬರಿಗೂ ಪಿಜ್ಜಾ ಮಾಡಲು ಬರುತ್ತಿರಲಿಲ್ಲ! ಆ ಕೆಲಸ ತಿಳಿದಿದ್ದ ಜಾನ್ ಬೆಂಡರ್ ಎಂಬಾತನನ್ನು ಜೊತೆಗೆ ಸೇರಿಸಿಕೊಂಡರು. ಅವರಿಗಿದ್ದ ಬೋರ್ಡಿನಲ್ಲಿ ಒಂಬತ್ತು ಅಕ್ಷರಕ್ಕಷ್ಟೇ ಜಾಗ. ಇಂಗ್ಲಿಷಿನಲ್ಲಿ 'ಪಿಜ್ಜಾ' ಎಂದು ಬರೆದು ಒಂದು ಜಾಗ ಬಿಟ್ಟರೆ ಉಳಿಯುವುದು ಮೂರೇ ಅಕ್ಷರ. ಕಟ್ಟಡ ನೋಡಿದರೆ ಗುಡಿಸಲಿನ ಹಾಗಿದೆ, ಹಾಗಾದರೆ 'ಹಟ್' ಎಂದೇ ಇಡೋಣ ಎಂದರಂತೆ. ನಮ್ಮ ಊರಿನಲ್ಲಾದರೆ ಜ್ಯೋತಿಷಿಗಳನ್ನು ಕೇಳಿ, ಸಂಖ್ಯಾಶಾಸ್ತ್ರ ನೋಡಿ, ಕೊನೆಗೆ ಮನೆದೇವರ ಹೆಸರು ಇಡುತ್ತಿದ್ದೆವು. ಇವರದು ಪೇಂಟಿನ ಲೆಕ್ಕಾಚಾರ. ಆ ಗುಡಿಸಲನ್ನು ಈಗ ಎತ್ತಿ ತಂದು ವಿಚಿಟಾ ವಿಶ್ವವಿದ್ಯಾಲಯದ ಆವರಣದಲ್ಲಿ ಮ್ಯೂಸಿಯಂ ಮಾಡಿದ್ದಾರೆ.

ಮೊದಲ ಅಂಗಡಿ ತೆರೆದ ಮರುವರ್ಷವೇ, 1959ರಲ್ಲಿ, ಟೊಪೀಕಾ ಊರಿನಲ್ಲಿ ಮೊದಲ ಫ್ರಾಂಚೈಸಿ. ಅಂದರೆ ಅಂಗಡಿ ಇನ್ನೊಬ್ಬರದು, ದುಡಿಮೆ ಇನ್ನೊಬ್ಬರದು, ಹೆಸರು ಮತ್ತು ಮಾಡುವ ಕ್ರಮ ಮಾತ್ರ ಇವರದು. ವ್ಯಾಪಾರ ಹರಡಿದ್ದು ಈ ದಾರಿಯಿಂದಲೇ. 1968ರಲ್ಲಿ ಕೆನಡಾಕ್ಕೆ ಕಾಲಿಟ್ಟರು. 1970ರ ದಶಕದ ಆರಂಭಕ್ಕೆ ಜಗತ್ತಿನ ಅತಿ ದೊಡ್ಡ ಪಿಜ್ಜಾ ಕಂಪನಿ. ದೂರದಿಂದಲೇ ಗುರುತು ಸಿಗುವ ಆ ಕೆಂಪು ಮಾಡು ಬಂದದ್ದೂ ಅದೇ ಅಂಗಡಿಗಳ ಮೇಲೆ. 1977ರಲ್ಲಿ ಪೆಪ್ಸಿ ಕಂಪನಿಗೆ ಮೂವತ್ತು ಕೋಟಿ ಡಾಲರಿಗೂ ಹೆಚ್ಚು ಬೆಲೆಗೆ ಮಾರಾಟ. ಅಮ್ಮನ 600 ಡಾಲರ್ ವಾಪಸಾಯಿತೋ ಇಲ್ಲವೋ ಎಂದು ಮನೆಯವಳು ಕೇಳಿದಳು. ಅಷ್ಟು ದೂರ ನಾನು ಓದಿಲ್ಲ.

ಇದರ ಕೊನೆಯ ಅಧ್ಯಾಯ ಇನ್ನೂ ರುಚಿ. ಕಂಪನಿ ಬಿಟ್ಟ ತಮ್ಮ ಫ್ರಾಂಕ್ ಕಾರ್ನಿ ಬೇರೆ ಬೇರೆ ವ್ಯಾಪಾರಕ್ಕೆ ಕೈ ಹಾಕಿ, 1990ರ ದಶಕದಲ್ಲಿ ಎದುರಾಳಿ ಕಂಪನಿ ಪಾಪಾ ಜಾನ್ಸ್‌ನ ಫ್ರಾಂಚೈಸಿದಾರನಾದ! ತಾನೇ ಹುಟ್ಟಿಸಿದ ಅಂಗಡಿಯ ಎದುರೇ ಇನ್ನೊಬ್ಬನ ಬೋರ್ಡು ಹಾಕಿಕೊಂಡು ಕೂತ. ಅವರ ಜಾಹೀರಾತಿನಲ್ಲೂ ಕಾಣಿಸಿಕೊಂಡ. 2020ರ ಡಿಸೆಂಬರಿನಲ್ಲಿ ತೀರಿಕೊಂಡ.

ಡೊಮಿನೋಸ್‌ನವರದೂ ಅಣ್ಣತಮ್ಮಂದಿರ ಕಥೆಯೇ. 1960ರಲ್ಲಿ ಮಿಶಿಗನ್ ರಾಜ್ಯದ ಇಪ್ಸಿಲಾಂಟಿಯಲ್ಲಿ ಟಾಮ್ ಮತ್ತು ಜೇಮ್ಸ್ ಮೊನಾಹನ್ ಸೇರಿ ಅಂಗಡಿಯೊಂದನ್ನು ಕೊಂಡರು. ಜೇಮ್ಸ್‌ಗೆ ಅಂಚೆ ಇಲಾಖೆಯ ನೌಕರಿ ಬಿಡಲು ಮನಸ್ಸಾಗಲಿಲ್ಲ. ವರ್ಷ ತುಂಬುವ ಮೊದಲೇ ತನ್ನ ಅರ್ಧ ಪಾಲನ್ನು ಅಣ್ಣನಿಗೆ ಬಿಟ್ಟುಕೊಟ್ಟು, ಬದಲಿಗೆ ಡೆಲಿವರಿಗೆ ಇಟ್ಟಿದ್ದ ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್ ಕಾರು ತೆಗೆದುಕೊಂಡ. ಸರ್ಕಾರಿ ನೌಕರಿಯ ಭದ್ರತೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದುದನ್ನು ನೆನೆದು ಒಬ್ಬನೇ ನಕ್ಕೆ. ಅರ್ಧ ಗಂಟೆಯಲ್ಲಿ ತಲುಪದಿದ್ದರೆ ಪುಕ್ಕಟೆ ಎಂದು ಈ ಕಂಪನಿ ಅಮೆರಿಕದಲ್ಲಿ ಹೆಸರು ಮಾಡಿದ್ದು. ಡೆಲಿವರಿ ವಾಹನಗಳ ಅಪಘಾತಗಳಾಗಿ ಕೋರ್ಟು ಭಾರೀ ಪರಿಹಾರ ವಿಧಿಸಿದ ಮೇಲೆ 1993ರಲ್ಲಿ ಅಲ್ಲಿ ಆ ಭರವಸೆಯನ್ನು ಕೈಬಿಟ್ಟರು.

ಕುವೈತಿನ ಮಟ್ಟಿಗೆ ಈ ಕಥೆಯ ನಾಯಕ ಅಮೆರಿಕಾನಾ. ಹೆಸರು ಕೇಳಿ ಅಮೆರಿಕದ್ದು ಎಂದುಕೊಳ್ಳಬೇಡಿ, ಹುಟ್ಟಿದ್ದು ಅಪ್ಪಟ ಕುವೈತಿ ಕಂಪನಿಯಾಗಿ. ಕುವೈತ್ ಫುಡ್ ಕಂಪನಿ ಎಂಬ ಹೆಸರಿನಲ್ಲಿ 1960ರ ದಶಕದಲ್ಲಿ ಶುರುವಾದದ್ದು, ಖರಾಫಿ ಮನೆತನದ ಹಿಡಿತದಲ್ಲಿ ಬೆಳೆದದ್ದು. 1973ರಲ್ಲಿ ಕೆಎಫ್‌ಸಿಯನ್ನು ಇಲ್ಲಿಗೆ ತಂದರು. ಪಿಜ್ಜಾ ಹಟ್, ಹಾರ್ಡೀಸ್ ಎಲ್ಲ ಅವರ ಕೈಯಲ್ಲೇ. ಎಂದರೆ ವಿಚಿಟಾದ ಗುಡಿಸಲಿನ ಫ್ರಾಂಚೈಸಿ ಇಲ್ಲಿ ಒಬ್ಬ ಅಂಗಡಿಯವನಿಗೆ ಸಿಕ್ಕಿದ್ದಲ್ಲ, ದೇಶದೇಶಗಳಲ್ಲಿ ನೂರಾರು ಅಂಗಡಿ ನಡೆಸುವ ಒಂದು ದೊಡ್ಡ ಸಂಸ್ಥೆಗೆ. 2016ರಲ್ಲಿ ದುಬೈಯ ಮೊಹಮ್ಮದ್ ಅಲಬ್ಬಾರ್ ನೇತೃತ್ವದ ಹೂಡಿಕೆದಾರರು ಅದರ ಹೆಚ್ಚಿನ ಪಾಲು ಕೊಂಡರು. 2022ರ ಡಿಸೆಂಬರಿನಲ್ಲಿ ಅದರ ರೆಸ್ಟೋರೆಂಟ್ ವಿಭಾಗದ ಷೇರು ಅಬುಧಾಬಿ ಮತ್ತು ರಿಯಾದ್ ಎರಡೂ ಕಡೆ ಒಟ್ಟಿಗೇ ಪೇಟೆಗೆ ಬಂತು.

ಇಲ್ಲಿಯ ಜನಕ್ಕೆ ಹೊರಗಿನ ತಿಂಡಿಯ ಹುಚ್ಚು ಎಷ್ಟೆಂದರೆ, ಇರಾಕಿನ ಆಕ್ರಮಣ ಮುಗಿದು ಮೂರೇ ವರ್ಷಕ್ಕೆ, 1994ರಲ್ಲಿ, ಮೆಕ್‌ಡೊನಾಲ್ಡ್ಸ್ ತೆರೆದ ದಿನ ಹದಿನೈದು ಸಾವಿರ ಜನ ಸಾಲು ನಿಂತಿದ್ದರು. 2004ರಲ್ಲಿ ಮನೆಯಲ್ಲೇ ಕೂತು ಇಂಟರ್ನೆಟ್ಟಿನಲ್ಲಿ ಊಟ ತರಿಸುವ ತಲಬಾತ್ ಹುಟ್ಟಿದ್ದೂ ಇದೇ ಕುವೈತಿನಲ್ಲಿ. 2015ರಲ್ಲಿ ಅದು ಸುಮಾರು 17 ಕೋಟಿ ಡಾಲರಿಗೆ ಜರ್ಮನ್ ಕಂಪನಿಯೊಂದರ ಪಾಲಾಯಿತು. ನನ್ನ ಕಿಟಕಿಯ ಕೆಳಗಿನ ಇರುವೆ ಸಾಲಿನ ಮೂಲ ಅಲ್ಲಿದೆ. ಆ ಸಾಲಿನ ಹುಡುಗರಲ್ಲಿ ನಮ್ಮ ದೇಶದವರೇ ಬಹಳ. ಬೇಸಿಗೆಯಲ್ಲಿ ಬೆಳಗ್ಗೆ 11ರಿಂದ ಸಂಜೆ 4ರವರೆಗೆ ಬಯಲಿನಲ್ಲಿ ಕೆಲಸ ಮಾಡಿಸಬಾರದೆಂಬ ನಿಯಮ ಇರುವ ಊರಿನಲ್ಲಿ ಹೆಲ್ಮೆಟ್ಟಿನೊಳಗೆ ತಲೆ ಬೇಯಿಸಿಕೊಂಡು ಬಂದ ಹುಡುಗನಿಗೆ ಒಂದು ಲೋಟ ತಣ್ಣೀರು ಕೊಡಿ ಎಂದು ನಮ್ಮ ಮನೆಯಲ್ಲಿ ನಾನು ಹೇಳಿದ್ದೇನೆ. ಮಗರಾಯನಿಗೆ ಇನ್ನೂ ಮರೆಯುತ್ತದೆ.

ಇನ್ನು ನಮ್ಮ ಬೆಂಗಳೂರು. ಪಿಜ್ಜಾ ಹಟ್ ಭಾರತದಲ್ಲಿ ಮೊದಲ ಬಾಗಿಲು ತೆರೆದದ್ದು ಅಲ್ಲಿಯೇ, 1996ರ ಜೂನ್‌ನಲ್ಲಿ. ಡೊಮಿನೋಸ್ ಅದೇ ವರ್ಷ ದಿಲ್ಲಿಯಲ್ಲಿ. ಕಾಲ ಎಂಥದು ನೆನಪಿದೆಯೆ? ಅದರ ಹಿಂದಿನ ವರ್ಷ ಬ್ರಿಗೇಡ್ ರಸ್ತೆಯಲ್ಲಿ ತೆರೆದಿದ್ದ ಕೆಎಫ್‌ಸಿ ಮೇಲೆ 1996ರ ಜನವರಿಯಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘದ ಕಾರ್ಯಕರ್ತರು ದಾಳಿ ಮಾಡಿದ್ದರು. ಕೆಎಫ್‌ಸಿ, ಪಿಜ್ಜಾ ಹಟ್ ಎರಡೂ ಆಗ ಪೆಪ್ಸಿಯವರದೇ. ಮರುವರ್ಷ ಪೆಪ್ಸಿ ಈ ಹೋಟೆಲುಗಳನ್ನೆಲ್ಲ ಬೇರೆ ಕಂಪನಿಯಾಗಿ ಬಿಟ್ಟಿತು. ಅದೇ ಈಗಿನ ಯಮ್. ನಂಜುಂಡಸ್ವಾಮಿಯವರ ಕಲ್ಲಿನ ದಾರಿ ನನಗೆ ಆಗಲೂ ಒಪ್ಪಿಗೆಯಾಗಿರಲಿಲ್ಲ. ಆದರೆ ನಮ್ಮ ರೈತ ಬೆಳೆದದ್ದಕ್ಕೆ ಈ ತಟ್ಟೆಯಲ್ಲಿ ಎಷ್ಟು ಪಾಲು ಎಂಬ ಅವರ ಪ್ರಶ್ನೆ ಚಿಕ್ಕದಾಗಿರಲಿಲ್ಲ. ಕಂಪನಿಗಳೂ ಬುದ್ಧಿವಂತರು. ತಂದೂರಿ ಪನೀರ್ ಹಾಕಿದರು, ಗುಜರಾತಿನಲ್ಲಿ ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಜೈನ ಪಿಜ್ಜಾ ಮಾಡಿದರು.

ಹಾಗಾದರೆ ನಮ್ಮ ದೋಸೆಗೆ ಏನಾಯಿತು ಎಂದು ನೀವು ಕೇಳುತ್ತೀರಿ. ಉಡುಪಿಯ ಕಡೆಯ ಕೆ. ಕೃಷ್ಣರಾಯರು ಮದರಾಸಿಗೆ ಹೋಗಿ 1938ರಲ್ಲಿ ವುಡ್‌ಲ್ಯಾಂಡ್ಸ್ ಕಟ್ಟಿದಾಗ ಕಾರ್ನಿ ಸಹೋದರರು ಇನ್ನೂ ಎಳೆಯ ಮಕ್ಕಳು. ಮಯ್ಯರ ಎಂಟಿಆರ್ 1924ರದು. ಹೆಸರು, ರುಚಿ, ಶಿಸ್ತು ಯಾವುದಕ್ಕೂ ಕೊರತೆ ಇರಲಿಲ್ಲ. ನನಗೆ ತೋಚುವ ಕಾರಣ ಇಷ್ಟು. ಪಿಜ್ಜಾದ ಹಿಟ್ಟನ್ನು ಒಂದೇ ಕಡೆ ನಾದಿ, ಉಂಡೆ ಕಟ್ಟಿ, ತಣ್ಣಗಿಟ್ಟು ಲಾರಿಯಲ್ಲಿ ಊರೂರಿಗೆ ಕಳಿಸಬಹುದು. ಚೀಸು, ಸಾಸು ಎಲ್ಲ ತೂಕ ಹಾಕಿ ಬರುತ್ತದೆ. ಒಲೆಯೊಳಗೆ ಚಲಿಸುವ ಪಟ್ಟಿ ಇಷ್ಟೇ ನಿಮಿಷಕ್ಕೆ ಹೊರಗೆ ತಳ್ಳುತ್ತದೆ. ಹೊಸ ಹುಡುಗನಿಗೆ ಒಂದು ವಾರ ಕಲಿಸಿದರೆ ಸಾಕು. ದೋಸೆ ಹಾಗಲ್ಲ. ಹಿಟ್ಟು ಹುಳಿ ಬರುವುದು ಹವೆಯ ಮರ್ಜಿ. ಇಲ್ಲಿ ಜನವರಿಯಲ್ಲಿ ನನ್ನವಳು ಹಿಟ್ಟಿನ ಪಾತ್ರೆಗೆ ಶಾಲು ಹೊದೆಸಿ ಮಗುವಿನಂತೆ ಮಲಗಿಸುತ್ತಾಳೆ! ಕಾವಲಿಯ ಮುಂದಿನ ಕೈಗೆ ವರ್ಷಗಟ್ಟಲೆ ಅಭ್ಯಾಸ ಬೇಕು. ಆ ಕೈ ಕಲಿತ ಮರುದಿನ ಎದುರಿನ ರಸ್ತೆಯಲ್ಲಿ ತನ್ನದೇ ಹೋಟೆಲು ತೆರೆಯುತ್ತದೆ. ಹಾಗೆಯೇ ನಮ್ಮವರ ಹೋಟೆಲುಗಳು ದೇಶವೆಲ್ಲ ಹಬ್ಬಿದ್ದು. ಒಂದು ಬೋರ್ಡಿನ ಕೆಳಗೆ ಬರಲಿಲ್ಲ ಎನ್ನುವುದನ್ನು ಸೋಲು ಎನ್ನಲು ನನಗೆ ಮನಸ್ಸಿಲ್ಲ. ಎಂಟಿಆರ್ ಊಟದ ಕೋಣೆಗಳು ಈಗ ಸಿಂಗಾಪುರ, ದುಬೈಗಳಲ್ಲೂ ಇವೆ. ಪೊಟ್ಟಣದ ವ್ಯಾಪಾರವನ್ನು 2007ರಲ್ಲಿ ನಾರ್ವೆಯ ಓರ್ಕ್ಲಾ ಕಂಪನಿ ಕೊಂಡಿತು.

ಮೂರನೆಯ ದಿನ ಸಂಜೆ ಭಾವನ ಫೈಲು ಬಿಚ್ಚಿ ಕೂತೆ. ಮೊದಲ ಪುಟದಿಂದಲೇ ಏನೋ ಇರುಸುಮುರುಸು. ದಪ್ಪ ಅಕ್ಷರದಲ್ಲಿ ಬರೆದಿತ್ತು: ರಾಯಲ್ಟಿ ಇಲ್ಲ.

ಫ್ರಾಂಚೈಸಿ ಕೊಡುವವನ ಹೊಟ್ಟೆ ತುಂಬುವುದೇ ರಾಯಲ್ಟಿಯಿಂದ. ಅಮೆರಿಕದಲ್ಲಿ ಪಿಜ್ಜಾ ಹಟ್ ಮಾರಾಟದ ಶೇಕಡಾ 6, ಡೊಮಿನೋಸ್ ಶೇಕಡಾ 5.5 ತೆಗೆದುಕೊಳ್ಳುತ್ತವೆ. ಅದರ ಮೇಲೆ ಜಾಹೀರಾತಿನ ನಿಧಿಗೆ ಬೇರೆ. ಗಮನಿಸಿ, ಲಾಭದ ಮೇಲಲ್ಲ, ಮಾರಾಟದ ಮೇಲೆ. ತಿಂಗಳಿಗೆ ಹತ್ತು ಲಕ್ಷ ವ್ಯಾಪಾರವಾಗಿ ನಿಮ್ಮ ಕೈಯಿಂದ ಐವತ್ತು ಸಾವಿರ ನಷ್ಟವಾದರೂ ಅರುವತ್ತು ಸಾವಿರ ರಾಯಲ್ಟಿ ಕಟ್ಟಲೇಬೇಕು. 600 ಡಾಲರು 30 ಕೋಟಿಯಾದದ್ದು ಈ ಒಂದು ಸಾಲಿನಿಂದ. ಆ ಸಾಲನ್ನೇ ಬಿಟ್ಟುಕೊಡುವ ಧರ್ಮಾತ್ಮ ಯಾವ ಕಂಪನಿಯಲ್ಲಿದ್ದಾನೆ?

ಮುಂದೆ ಓದಿದೆ. ಡೊಮಿನೋಸ್‌ನ ಹಕ್ಕು ಭಾರತದಲ್ಲಿ ಜುಬಿಲಂಟ್ ಫುಡ್‌ವರ್ಕ್ಸ್ ಒಂದರದ್ದೇ. ಅವರು ಎಲ್ಲ ಅಂಗಡಿಗಳನ್ನೂ ತಾವೇ ನಡೆಸುತ್ತಾರೆ, ಬಿಡಿ ಬಿಡಿಯಾಗಿ ಯಾರಿಗೂ ಫ್ರಾಂಚೈಸಿ ಕೊಡುವುದಿಲ್ಲ. ಪಿಜ್ಜಾ ಹಟ್‌ನ ಅಂಗಡಿಗಳನ್ನು ನಡೆಸುತ್ತ ಬಂದವರು ದೇವಯಾನಿ, ಸಫೈರ್ ಎಂಬ ದೊಡ್ಡ ಕಂಪನಿಗಳು, ಎರಡೂ 2021ರಲ್ಲಿ ಷೇರುಪೇಟೆಗೆ ಬಂದಂಥವು. ಹದಿನೆಂಟು ಲಕ್ಷ ಹಿಡಿದು ಹೋದ ನನ್ನ ಭಾವನಿಗೆ ಇವರ ಬಾಗಿಲಲ್ಲಿ ಕುರ್ಚಿ ಇಲ್ಲ. ಫೈಲಿನಲ್ಲಿದ್ದ ಇಮೇಲ್ ವಿಳಾಸ ನೋಡಿದರೆ ಕಂಪನಿಯ ಹೆಸರಿಗೆ ಬಾಲದಲ್ಲಿ ಒಂದು ಅಕ್ಷರ ಹೆಚ್ಚು. ಹಣ ಕಟ್ಟಬೇಕಾದ ಖಾತೆ ಯಾವುದೋ ಟ್ರೇಡರ್ಸ್ ಹೆಸರಿನದು. ಕೊನೆಯ ಪುಟದಲ್ಲಿ ಪಿನ್ ಹೊಡೆದ ಒಂದು ರಸೀದಿ: ನೋಂದಣಿ ಶುಲ್ಕ ರೂ. 1,85,000 ಸಂದಾಯವಾಗಿದೆ. ಅದರ ಕೆಳಗೆ: ಭದ್ರತಾ ಠೇವಣಿ ರೂ. 6,40,000, ಮೂರು ದಿನದೊಳಗೆ.

ಮೂರು ದಿನ ಯಾಕೆಂದು ಆಗ ಗೊತ್ತಾಯಿತು.

ಭಾವನ ರೂಮಿಗೆ ಹೋದೆ. ಫೋನಿನಲ್ಲಿ ಹೇಳುವ ಮಾತಲ್ಲ. ಅವರು ಅನ್ನ ಬಸಿಯುತ್ತಿದ್ದರು. "ಠೇವಣಿ ಕಳಿಸಿದ್ರಾ ಭಾವ?" ಎಂದೆ. "ನಾಳೆ ಬೆಳಿಗ್ಗೆ ಎಕ್ಸ್‌ಚೇಂಜಿಗೆ ಹೋಗುವುದು ಅಂತ ಇದ್ದೆ" ಎಂದರು. ನಾನು ಹೇಳಿದ್ದೆಲ್ಲ ಕೇಳಿದರು. ವಾದ ಮಾಡಲಿಲ್ಲ. ಕಂಪನಿಯ ಅಸಲಿ ನಂಬರು ಹುಡುಕಿ ಅವರ ಎದುರೇ ಫೋನ್ ಹಚ್ಚಿದೆ. ಆ ಕಡೆಯ ಹೆಣ್ಣುಮಗಳು ನಮ್ಮ ಪ್ರಶ್ನೆ ಮುಗಿಯುವ ಮೊದಲೇ, ನಾವು ಫ್ರಾಂಚೈಸಿ ಕೊಡುವುದಿಲ್ಲ ಸರ್, ದಯವಿಟ್ಟು ಯಾರಿಗೂ ಹಣ ಕಟ್ಟಬೇಡಿ ಎಂದಳು. ದಿನಕ್ಕೆ ಎಷ್ಟು ಸಲ ಆ ಮಾತು ಹೇಳುತ್ತಾಳೋ ಪಾಪ. ಭಾವ ಫೋನು ಕೆಳಗಿಟ್ಟು, "ರಾಜೀನಾಮೆ ಪತ್ರ ಬ್ಯಾಗಿನಲ್ಲೇ ಇದೆ, ಕೊಡಲಿಲ್ಲ" ಎಂದರು. ಆಮೇಲೆ ಬಹಳ ಹೊತ್ತು ಏನೂ ಹೇಳಲಿಲ್ಲ. ಅನ್ನ ತಳ ಹಿಡಿಯಿತು.

ಆ ರಾತ್ರಿಯೇ ಕೇಂದ್ರ ಸರ್ಕಾರದ ಸೈಬರ್ ಕ್ರೈಂ ತಾಣದಲ್ಲಿ ದೂರು ಹಾಕಿದೆವು. ಭಾರತದೊಳಗಿದ್ದರೆ 1930 ನಂಬರಿಗೆ ಕೂಡಲೇ ಫೋನ್ ಮಾಡಬಹುದು. ಹಣ ಹೋದ ಮೊದಲ ಕೆಲವು ಗಂಟೆಗಳಲ್ಲಿ ಹೇಳಿದರೆ ಖಾತೆಯಲ್ಲಿ ತಡೆಹಿಡಿಯುವ ಸಾಧ್ಯತೆ ಇರುತ್ತದೆ. ನಮ್ಮದು ಆಗಲೇ ಹನ್ನೆರಡು ದಿನ ಹಳೆಯ ವ್ಯವಹಾರ. ಒಂದು ದೂರಿನ ನಂಬರು ಸಿಕ್ಕಿದೆ, ದುಡ್ಡು ಸಿಕ್ಕಿಲ್ಲ.

ಇದನ್ನು ಬರೆಯಲೇ ಎಂದು ಭಾವನನ್ನು ಕೇಳಿದೆ. ಎರಡು ದಿನ ಯೋಚಿಸಿದರು. ಈ ಸ್ಮರಣ ಸಂಚಿಕೆಯ ಒಂದು ಪ್ರತಿ ಪ್ರತಿವರ್ಷ ಊರಿಗೆ ಹೋಗುತ್ತದೆ, ಅಕ್ಕ ಅದನ್ನು ಜಾಹೀರಾತಿನಿಂದ ಹಿಡಿದು ಓದುವವಳು. "ನಿಮ್ಮ ಪುಸ್ತಕ ಮುಟ್ಟುವ ಮೊದಲು ನಾನೇ ಹೇಳ್ತೆ" ಎಂದರು. ಹೋದ ಶುಕ್ರವಾರ ನಮ್ಮ ಮನೆಗೆ ಬಂದು, ಒಳಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಫೋನ್ ಮಾಡಿದರು. ನಾವು ಹೊರಗೆ ಟಿವಿಯ ಸದ್ದು ಜೋರು ಮಾಡಿ ಕೂತೆವು. ಅರ್ಧ ಗಂಟೆಯಾದ ಮೇಲೆ ಹೊರಬಂದರು.

"ಏನಂದಳು ಅಕ್ಕ?"

"ಬೈದಳು. ಆಮೇಲೆ, ಹೆದ್ದಾರಿ ಬದಿಯ ಆ ಜಾಗಕ್ಕೆ ಬಾಡಿಗೆ ಎಷ್ಟಂತೆ ಅಂತ ಕೇಳಿದಳು."